ಗಾಮಾ ಸೆಫಿ: ಎರಡು ನಕ್ಷತ್ರಗಳ ನಡುವೆ ಒಂದು ದೈತ್ಯ ಗ್ರಹ

ಗಾಮಾ ಸೆಫಿ ಉತ್ತರ ಆಕಾಶದ ಸೆಫಿಯಸ್ ಪುಂಜದಲ್ಲಿರುವ ಜೋಡಿ ನಕ್ಷತ್ರ. ಭೂಮಿಯಿಂದ ಅದರ ದೂರ ಸುಮಾರು 45 ಜ್ಯೋತಿರ್ವರ್ಷ. ಬರಿಗಣ್ಣಿಗೆ ಒಂದೇ ಚುಕ್ಕಿಯಾಗಿ ಕಾಣುವ ಈ ತಾಣದಲ್ಲಿ ಮೂರು ಕಾಯಗಳಿರುವುದು ಈವರೆಗೆ ಗೊತ್ತಾಗಿದೆ: ಕಿತ್ತಳೆ ಬಣ್ಣದ ದೊಡ್ಡ ನಕ್ಷತ್ರ, ಅದನ್ನು ದೂರದಿಂದ ಸುತ್ತುವ ಮಂಕಾದ ಕೆಂಪು ಕುಬ್ಜ, ದೊಡ್ಡ ನಕ್ಷತ್ರಕ್ಕೆ ಹತ್ತಿರದಲ್ಲೇ ಸುತ್ತುವ ಗುರುಗ್ರಹಕ್ಕಿಂತ ಭಾರವಾದ ಒಂದು ಗ್ರಹ. ಈ ಗ್ರಹದ ಸುಳಿವು ಪ್ರಕಟವಾದದ್ದು 1988ರಲ್ಲಿ. ಸೂರ್ಯನಂಥ ನಕ್ಷತ್ರದ ಸುತ್ತ ಮೊದಲು ಖಚಿತವಾದ ಗ್ರಹವೆಂದು ಹೆಸರಾದ 51 ಪೆಗಾಸಿಯ ಸಂಗಾತಿ ಸಿಕ್ಕಿದ್ದು ಅದಾದ ಏಳು ವರ್ಷಕ್ಕೆ. ಆದರೂ ಗಾಮಾ ಸೆಫಿಯ ಗ್ರಹಕ್ಕೆ ಮಾನ್ಯತೆ ದೊರೆಯಲು 2002ರವರೆಗೆ ಕಾಯಬೇಕಾಯಿತು.

ನಕ್ಷತ್ರಗಳ ಜೋಡಿ

ಮುಖ್ಯ ನಕ್ಷತ್ರವನ್ನು ಖಗೋಳಜ್ಞರು ಗಾಮಾ ಸೆಫಿ ಎ ಎಂದು ಕರೆಯುತ್ತಾರೆ. ಎರಾಯ್ ಎಂಬುದು ಅದರ ಅರಬ್ಬೀ ಮೂಲದ ಹೆಸರು. ಅದರ ದ್ರವ್ಯರಾಶಿ ಸೂರ್ಯನ 1.3ರಿಂದ 1.4 ಪಟ್ಟು, ವ್ಯಾಸ ಸೂರ್ಯನ ಐದು ಪಟ್ಟಿಗೆ ಹತ್ತಿರ. ಗರ್ಭದ ಜಲಜನಕ ಮುಗಿದು, ಕೆಂಪು ದೈತ್ಯವಾಗುವ ಹಾದಿಯಲ್ಲಿ ಉಬ್ಬತೊಡಗಿರುವ ಉಪದೈತ್ಯ ನಕ್ಷತ್ರ ಇದು. ಮೇಲ್ಮೈ ತಾಪ ಸುಮಾರು 4,800 ಕೆಲ್ವಿನ್, ಅಂದರೆ ಸೂರ್ಯನಿಗಿಂತ ಸಾವಿರದಷ್ಟು ಕಡಿಮೆ. ಆದರೆ ಗಾತ್ರ ದೊಡ್ಡದಾದ ಕಾರಣ ಒಟ್ಟು ಬೆಳಕು ಸೂರ್ಯನ ಹತ್ತು ಪಟ್ಟನ್ನು ಮೀರುತ್ತದೆ.

ಜೊತೆಗಾರ ಗಾಮಾ ಸೆಫಿ ಬಿ ತೀರಾ ಮಂದ ಬೆಳಕಿನದು. ದ್ರವ್ಯರಾಶಿ ಸೂರ್ಯನ ಅರ್ಧಕ್ಕೂ ಕಡಿಮೆ. ಅದು ಸುಮಾರು 67 ವರ್ಷಕ್ಕೊಮ್ಮೆ ಒಂದು ಸುತ್ತು ಮುಗಿಸುತ್ತದೆ. ಕಕ್ಷೆ ಸಾಕಷ್ಟು ಉದ್ದನೆಯ ದೀರ್ಘವೃತ್ತ. ಹತ್ತಿರ ಬಂದಾಗ ಎರಡು ನಕ್ಷತ್ರಗಳ ನಡುವೆ ಸುಮಾರು 12 ಖಗೋಳಮಾನ ಅಂತರ, ದೂರ ಹೋದಾಗ ಸುಮಾರು 28. ಭೂಮಿಗೂ ಸೂರ್ಯನಿಗೂ ಇರುವ ಸರಾಸರಿ ದೂರವೇ ಒಂದು ಖಗೋಳಮಾನ. ಇದನ್ನು ಸೌರಮಂಡಲಕ್ಕೆ ಅನ್ವಯಿಸಿದರೆ, ಕೆಂಪು ಕುಬ್ಜ ಶನಿಯ ಕಕ್ಷೆಯಿಂದ ತುಸು ಆಚೆಯವರೆಗೆ ನುಗ್ಗಿ ಬಂದು, ಮತ್ತೆ ನೆಪ್ಚೂನಿನ ಕಕ್ಷೆಯ ಸಮೀಪಕ್ಕೆ ಹಿಂದಿರುಗುತ್ತದೆ.

ಪ್ರಖರವಾದ ಒಡನಾಡಿಯ ಪಕ್ಕದಲ್ಲಿದ್ದ ಈ ಕುಬ್ಜದ ಇರವು ಬಹುಕಾಲ ಲೆಕ್ಕದಿಂದಷ್ಟೇ ತಿಳಿದಿತ್ತು. ಹವಾಯಿಯ ಸುಬಾರು ದೂರದರ್ಶಕ 2006ರಲ್ಲಿ ತೆಗೆದ ಅವಗೆಂಪು ಚಿತ್ರಗಳಲ್ಲಿ ಅದು ಕೊನೆಗೂ ಪ್ರತ್ಯೇಕವಾಗಿ ಕಾಣಿಸಿತು.

ಗ್ರಹ

ಗ್ರಹದ ವೈಜ್ಞಾನಿಕ ಹೆಸರು ಗಾಮಾ ಸೆಫಿ ಎಬಿ. ಅಂಗೀಕೃತ ಹೆಸರು ತಡ್ಮೋರ್. ಅದು ಮುಖ್ಯ ನಕ್ಷತ್ರದಿಂದ ಎರಡು ಖಗೋಳಮಾನದಷ್ಟು ದೂರದಲ್ಲಿ, ಬಹುಮಟ್ಟಿಗೆ ವೃತ್ತಾಕಾರದ ಕಕ್ಷೆಯಲ್ಲಿ, ಸುಮಾರು 900 ದಿನಗಳಿಗೊಮ್ಮೆ ಸುತ್ತುತ್ತದೆ. ಸೌರಮಂಡಲದಲ್ಲಾದರೆ ಅದು ಮಂಗಳನಾಚೆಗೆ, ಕ್ಷುದ್ರಗ್ರಹಗಳ ಪಟ್ಟಿಯ ಒಳ ಅಂಚಿಗೆ ಬೀಳುತ್ತಿತ್ತು. ನಕ್ಷತ್ರ ಪ್ರಖರವಾಗಿರುವುದರಿಂದ, ಈ ಗ್ರಹದ ಮೇಲೆ ಬೀಳುವ ಶಾಖ ಭೂಮಿಗೆ ಸಿಗುವುದರ ಎರಡು ಪಟ್ಟಿಗೂ ಹೆಚ್ಚು.

ದ್ರವ್ಯರಾಶಿಯ ವಿಷಯ ಹಾಗೆ ನೇರವಲ್ಲ. ನಕ್ಷತ್ರ ನಮ್ಮ ಕಡೆಗೆ ಬರುವ ಮತ್ತು ನಮ್ಮಿಂದ ಸರಿಯುವ ವೇಗವನ್ನಷ್ಟೇ ಅಳೆದಾಗ, ಕಕ್ಷೆ ಎಷ್ಟು ವಾಲಿದೆ ಎಂಬುದು ತಿಳಿಯುವುದಿಲ್ಲ. ಆದ್ದರಿಂದ ಸಿಗುವುದು ಕನಿಷ್ಠ ಮೌಲ್ಯ ಮಾತ್ರ: ಗುರುಗ್ರಹದ ಒಂದೂವರೆಯಿಂದ ಎರಡು ಪಟ್ಟು. ಹಬಲ್ ದೂರದರ್ಶಕದಿಂದ ನಕ್ಷತ್ರದ ಸ್ಥಾನದ ಸೂಕ್ಷ್ಮ ಓಲಾಟವನ್ನೂ ಅಳೆದು 2018ರಲ್ಲಿ ಪ್ರಕಟಿಸಿದ ಪ್ರಾಥಮಿಕ ಅಂದಾಜು ಗುರುವಿನ ಒಂಬತ್ತು ಪಟ್ಟಿನ ಆಸುಪಾಸಿನಲ್ಲಿದೆ. ಅದು ನಿಜವಾದರೆ ಗ್ರಹದ ಕಕ್ಷೆ ನಮ್ಮ ನೋಟಕ್ಕೆ ಬಹುತೇಕ ಎದುರಾಗಿ ಹರಡಿಕೊಂಡಿದೆ ಎಂದರ್ಥ.

ಸಿಕ್ಕಿ, ಕೈಬಿಟ್ಟು, ಮತ್ತೆ ಸಿಕ್ಕಿದ ಕಥೆ

ಗ್ರಹ ನಕ್ಷತ್ರವನ್ನು ಸುತ್ತುವಾಗ ನಕ್ಷತ್ರವೂ ಪುಟ್ಟದೊಂದು ಸುತ್ತು ಹಾಕುತ್ತದೆ. ಆಗ ಅದರ ರೋಹಿತದ ಕಪ್ಪು ಗೆರೆಗಳು ಡಾಪ್ಲರ್ ಪರಿಣಾಮದಿಂದ ಒಮ್ಮೆ ನೀಲಿಯತ್ತ, ಒಮ್ಮೆ ಕೆಂಪಿನತ್ತ ಸರಿಯುತ್ತವೆ. ಗುರುಗ್ರಹ ಸೂರ್ಯನನ್ನು ಅಲುಗಿಸುವ ವೇಗ ಸೆಕೆಂಡಿಗೆ ಸುಮಾರು 12 ಮೀಟರ್. 1970ರ ದಶಕದ ಉಪಕರಣಗಳಿಗೆ ಇಷ್ಟು ಸಣ್ಣ ಬದಲಾವಣೆ ನಿಲುಕುತ್ತಿರಲಿಲ್ಲ.

ಕೆನಡಾದ ಬ್ರೂಸ್ ಕ್ಯಾಂಪ್‌ಬೆಲ್ ಮತ್ತು ಗಾರ್ಡನ್ ವಾಕರ್ ಇದಕ್ಕೊಂದು ದಾರಿ ಕಂಡುಕೊಂಡರು. ನಕ್ಷತ್ರದ ಬೆಳಕನ್ನು ಹೈಡ್ರೋಜನ್ ಫ್ಲೋರೈಡ್ ಅನಿಲ ತುಂಬಿದ ಕೋಶದ ಮೂಲಕ ಹಾಯಿಸಿದರೆ, ಆ ಅನಿಲದ ಗೆರೆಗಳೂ ರೋಹಿತದ ಮೇಲೆ ಮೂಡುತ್ತವೆ. ಅವು ಕದಲುವುದಿಲ್ಲವಾದ್ದರಿಂದ, ನಕ್ಷತ್ರದ ಗೆರೆಗಳು ಎಷ್ಟು ಸರಿದಿವೆ ಎಂಬುದನ್ನು ಅವುಗಳಿಗೆ ಹೋಲಿಸಿ ಅಳೆಯಬಹುದು. ಅನಿಲ ವಿಷಕಾರಿ, ಗಾಜನ್ನೂ ಕೊರೆಯುವಷ್ಟು ತೀಕ್ಷ್ಣ. ವೀಕ್ಷಣೆಯ ರಾತ್ರಿಗಳಲ್ಲಿ ಕೋಶವನ್ನು ಬಿಸಿಯಾಗಿಯೂ ಇಡಬೇಕಿತ್ತು. ಇಂಥ ಸಾಧನವನ್ನು ಹವಾಯಿಯ ಮೌನಾ ಕೇಯಾ ಶಿಖರದಲ್ಲಿರುವ 3.6 ಮೀಟರಿನ ಕೆನಡಾ-ಫ್ರಾನ್ಸ್-ಹವಾಯಿ ದೂರದರ್ಶಕಕ್ಕೆ ಜೋಡಿಸಿ, ಅವರು 1980ರ ದಶಕದುದ್ದಕ್ಕೂ ಕೆಲವೇ ನಕ್ಷತ್ರಗಳನ್ನು ಬಿಡದೆ ಗಮನಿಸಿದರು. ಅಳತೆಯ ತಪ್ಪು ಸೆಕೆಂಡಿಗೆ 13 ಮೀಟರಿನಷ್ಟಕ್ಕೆ ಇಳಿಯಿತು.

ಸ್ಟೀಫನ್‌ಸನ್ ಯಾಂಗ್ ಅವರೊಡನೆ ಈ ಇಬ್ಬರೂ 1988ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಗಾಮಾ ಸೆಫಿಯ ಬಗ್ಗೆ ಎರಡು ಸಂಗತಿಗಳಿದ್ದವು. ಮೊದಲನೆಯದು, ವರ್ಷವರ್ಷಕ್ಕೂ ಒಂದೇ ದಿಕ್ಕಿನಲ್ಲಿ ಬದಲಾಗುತ್ತಿದ್ದ ವೇಗ. ಇದು ಕಾಣದ ಜೊತೆಗಾರ ನಕ್ಷತ್ರದ ಕುರುಹು. ಎರಡನೆಯದು, ಅದರ ಮೇಲೆ ಸವಾರಿ ಮಾಡಿದಂತೆ, ಸೆಕೆಂಡಿಗೆ ಸುಮಾರು 25 ಮೀಟರಿನ ಏರಿಳಿತ. ಹೆದ್ದಾರಿಯಲ್ಲಿ ಓಡುವ ಬಸ್ಸಿನಷ್ಟು ವೇಗದ ಈ ಅಲುಗಾಟ ಎರಡೂವರೆ ವರ್ಷಕ್ಕೊಮ್ಮೆ ಮರುಕಳಿಸುತ್ತಿತ್ತು. ಇದು ಗ್ರಹವಿರಬಹುದು ಎಂದು ಅವರು ಸೂಚಿಸಿದರು.

ನಾಲ್ಕು ವರ್ಷದ ನಂತರ ತಂಡ ತಾನೇ ಹಿಂದೆ ಸರಿಯಿತು. ಕ್ಯಾಲ್ಸಿಯಂನ ಒಂದು ಗೆರೆಯ ತೀವ್ರತೆಯೂ ಹೆಚ್ಚುಕಡಿಮೆ ಅದೇ ಅವಧಿಯಲ್ಲಿ ಏರಿಳಿಯುವಂತೆ ಕಂಡದ್ದು ಇದಕ್ಕೆ ಕಾರಣ. ನಕ್ಷತ್ರದ ಮೇಲ್ಮೈಯಲ್ಲಿ ಸೂರ್ಯಕಲೆಗಳಂಥ ಕಲೆಗಳಿದ್ದು, ಅದು ನಿಧಾನವಾಗಿ ತನ್ನ ಅಕ್ಷದ ಮೇಲೆ ಸುತ್ತುತ್ತಿದ್ದರೂ ಇಂಥ ಏರಿಳಿತ ಮೂಡಬಲ್ಲದು. ಗ್ರಹವೋ, ನಕ್ಷತ್ರದ ಆವರ್ತನೆಯೋ ಎಂಬ ಪ್ರಶ್ನೆಯನ್ನೆತ್ತಿದ 1992ರ ಪ್ರಬಂಧದಲ್ಲಿ ವಾಕರ್ ಮತ್ತು ಸಂಗಡಿಗರು ಎರಡನೆಯದರತ್ತ ವಾಲಿದರು. ಆವತ್ತಿನ ಪುರಾವೆಗೆ ಅದು ಪ್ರಾಮಾಣಿಕವಾದ ತೀರ್ಮಾನವೇ ಆಗಿತ್ತು. 1995ರಲ್ಲಿ ಮಿಶೆಲ್ ಮೇಯರ್ ಮತ್ತು ದಿದಿಯೆ ಕೆಲೊ 51 ಪೆಗಾಸಿಯ ಗ್ರಹವನ್ನು ಪ್ರಕಟಿಸಿದರು. 2019ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು.

ಗಾಮಾ ಸೆಫಿಯನ್ನು ಮರಳಿ ಕೈಗೆತ್ತಿಕೊಂಡದ್ದು ಆರ್ಟಿ ಹಾಟ್ಜೆಸ್, ವಿಲಿಯಂ ಕಾಕ್ರನ್ ಮತ್ತು ಅವರ ಸಹೋದ್ಯೋಗಿಗಳು. ಟೆಕ್ಸಾಸಿನ ಮ್ಯಾಕ್‌ಡೊನಾಲ್ಡ್ ವೀಕ್ಷಣಾಲಯದಲ್ಲಿ ಹೈಡ್ರೋಜನ್ ಫ್ಲೋರೈಡಿನ ಬದಲು ಅಯೋಡಿನ್ ಕೋಶ ಬಳಸಿ ಅವರು ಪಡೆದ ಅಳತೆಗಳು ಕೆನಡಾದ ಹಳೆಯ ಅಳತೆಗಳ ಜೊತೆ ಸೇರಿದಾಗ, 1981ರಿಂದ 2002ರವರೆಗಿನ ಸರಣಿಯೊಂದು ಸಿದ್ಧವಾಯಿತು. ಇಪ್ಪತ್ತು ವರ್ಷ ದಾಟಿದರೂ ಏರಿಳಿತದ ಲಯ ತಪ್ಪಿರಲಿಲ್ಲ. ಕಲೆಗಳು ಹುಟ್ಟಿ ಅಳಿಯುವಂಥವು. ಅವುಗಳಿಂದ ಇಷ್ಟು ಸ್ಥಿರವಾದ ಲಯ ಬರಲಾರದು. ಗೆರೆಗಳ ಆಕಾರವಾಗಲಿ, ನಕ್ಷತ್ರದ ಪ್ರಕಾಶವಾಗಲಿ ಆ ಅವಧಿಯಲ್ಲಿ ಬದಲಾಗುತ್ತಿರಲಿಲ್ಲ. ಗ್ರಹದ ಘೋಷಣೆ 2002ರಲ್ಲಿ ಹೊರಬಿತ್ತು, ವಿವರವಾದ ಪ್ರಬಂಧ 2003ರಲ್ಲಿ ಪ್ರಕಟವಾಯಿತು. ಹಳೆಯ ಸರಣಿಯನ್ನು ಜೋಪಾನ ಮಾಡದೇ ಇದ್ದಿದ್ದರೆ ಈ ನಿರ್ಧಾರಕ್ಕೆ ಇನ್ನೂ ಎಷ್ಟೋ ವರ್ಷ ಹಿಡಿಯುತ್ತಿತ್ತು.

ಹುಟ್ಟಿನ ಒಗಟು

ಜೋಡಿ ನಕ್ಷತ್ರಗಳ ಗ್ರಹಗಳಲ್ಲಿ ಎರಡು ಬಗೆ. 2011ರಲ್ಲಿ ಪತ್ತೆಯಾದ ಕೆಪ್ಲರ್-16ರ ಗ್ರಹದಂತೆ ಕೆಲವು ಎರಡೂ ನಕ್ಷತ್ರಗಳನ್ನು ಹೊರಗಿನಿಂದ ಬಳಸಿ ಸುತ್ತುತ್ತವೆ. ತಡ್ಮೋರಿನಂಥವು ಒಂದೇ ನಕ್ಷತ್ರವನ್ನು ಸುತ್ತುತ್ತವೆ, ಇನ್ನೊಂದು ನಕ್ಷತ್ರ ಆಚೆಯಿಂದ ಸೆಳೆಯುತ್ತಿರುತ್ತದೆ. ಗಾಮಾ ಸೆಫಿಯಲ್ಲಿ ಮುಖ್ಯ ನಕ್ಷತ್ರದಿಂದ ನಾಲ್ಕು ಖಗೋಳಮಾನದಾಚೆ ಗ್ರಹಗಳ ಕಕ್ಷೆ ಬಹುಕಾಲ ನಿಲ್ಲಲಾರದೆಂದು ಲೆಕ್ಕಗಳು ಹೇಳುತ್ತವೆ. ಎರಡರಲ್ಲಿರುವ ತಡ್ಮೋರ್ ಕ್ಷೇಮವಾಗಿದೆ.

ಇರುವುದು ಸರಿ, ಹುಟ್ಟಿದ್ದು ಹೇಗೆ? ದೈತ್ಯ ಗ್ರಹ ಬೆಳೆಯಲು ಎಳೆಯ ನಕ್ಷತ್ರದ ಸುತ್ತ ಅನಿಲ ಮತ್ತು ದೂಳಿನ ವಿಶಾಲ ತಟ್ಟೆ ಇರಬೇಕು. ಹತ್ತಿರ ಬಂದುಹೋಗುವ ಜೊತೆಗಾರ ಆ ತಟ್ಟೆಯ ಹೊರಭಾಗವನ್ನು ಕತ್ತರಿಸಿಬಿಡುತ್ತದೆ. ಉಳಿಯುವುದು ನಾಲ್ಕೈದು ಖಗೋಳಮಾನದ ಒಳಗಿನದು. ಅಲ್ಲಿಯೂ ಕಿಲೋಮೀಟರ್ ಗಾತ್ರದ ಬಂಡೆಗಳ ಕಕ್ಷೆಗಳು ಕಲಕಿ, ಅವು ಅಂಟಿಕೊಳ್ಳುವ ಬದಲು ಡಿಕ್ಕಿ ಹೊಡೆದು ಪುಡಿಯಾಗುವ ಸಂಭವ ಹೆಚ್ಚು. ಅನಿಲದ ತಡೆಯಿಂದ ಒಂದೇ ಗಾತ್ರದ ಬಂಡೆಗಳ ಕಕ್ಷೆಗಳು ಒಂದೇ ದಿಕ್ಕಿಗೆ ಹೊಂದಿಕೊಳ್ಳುತ್ತವೆ, ಆದರೆ ಬೇರೆ ಬೇರೆ ಗಾತ್ರದವು ಹಾಗೆ ಹೊಂದಿಕೊಳ್ಳುವುದಿಲ್ಲ. ಗ್ರಹ ಹುಟ್ಟುವಾಗ ಕುಬ್ಜ ಇನ್ನೂ ದೂರದಲ್ಲಿದ್ದು, ಹುಟ್ಟಿದ ನಕ್ಷತ್ರಗುಚ್ಛದ ಇತರ ತಾರೆಗಳ ಸೆಳೆತದಿಂದ ಆಮೇಲೆ ಹತ್ತಿರ ಬಂದಿರಬಹುದು ಎಂಬುದೊಂದು ವಾದ. ತಟ್ಟೆಯ ಒಂದು ಭಾಗ ತನ್ನದೇ ಗುರುತ್ವಕ್ಕೆ ನೇರವಾಗಿ ಕುಸಿದು ಗ್ರಹವಾಯಿತೆಂಬುದು ಇನ್ನೊಂದು. ಗ್ಲೀಸ್ 86, ಎಚ್‌ಡಿ 196885ರಂಥ ನಿಕಟ ಜೋಡಿಗಳಲ್ಲೂ ದೈತ್ಯ ಗ್ರಹಗಳು ಸಿಕ್ಕಿರುವುದರಿಂದ ಇದು ಒಂದೇ ನಕ್ಷತ್ರದ ವಿಚಿತ್ರವಾಗಿ ಉಳಿದಿಲ್ಲ.

ಹೆಸರು ಮತ್ತು ವೀಕ್ಷಣೆ

ಅಂತರರಾಷ್ಟ್ರೀಯ ಖಗೋಳ ಒಕ್ಕೂಟ 2015ರಲ್ಲಿ ಅನ್ಯಗ್ರಹಗಳಿಗೆ ಸಾರ್ವಜನಿಕರಿಂದ ಹೆಸರು ಕೇಳಿದಾಗ, ತಡ್ಮೋರ್ ಎಂಬ ಹೆಸರನ್ನು ಸೂಚಿಸಿದ್ದು ಸಿರಿಯಾದ ಖಗೋಳ ಸಂಘ. ಅದು ಪಾಲ್ಮೈರಾ ನಗರದ ಪ್ರಾಚೀನ ನಾಮ. ಅದೇ ವರ್ಷದ ಆಗಸ್ಟಿನಲ್ಲಿ ಪಾಲ್ಮೈರಾದ ಬೆಲ್ ದೇವಾಲಯವನ್ನು ಉಗ್ರರು ಸ್ಫೋಟಿಸಿದ್ದರು.

ಕರ್ನಾಟಕದಿಂದ ಈ ನಕ್ಷತ್ರವನ್ನು ನೋಡಲು ನವೆಂಬರಿನ ಆರಂಭದ ರಾತ್ರಿ ಒಂಬತ್ತು ಗಂಟೆಯ ಹೊತ್ತು ಅನುಕೂಲ. ಆಗ ಅದು ನೇರ ಉತ್ತರದಲ್ಲಿ, ಧ್ರುವ ನಕ್ಷತ್ರಕ್ಕಿಂತ ಸುಮಾರು 12 ಡಿಗ್ರಿ ಮೇಲಿರುತ್ತದೆ. ಬೆಂಗಳೂರಿನಲ್ಲಿ ದಿಗಂತದಿಂದ 25 ಡಿಗ್ರಿ, ಬೀದರಿನಲ್ಲಿ 30. ಕಾಂತಿಮಾನ 3.2 ಆದ್ದರಿಂದ ನಗರದ ದೀಪಗಳಿಂದ ದೂರ ಹೋಗುವುದು ಒಳ್ಳೆಯದು. ಭೂಮಿಯ ಅಕ್ಷ ಸುಮಾರು 26,000 ವರ್ಷಗಳ ಆವರ್ತದಲ್ಲಿ ಓಲುವುದರಿಂದ, ಕ್ರಿ.ಶ. 3000ದ ಹೊತ್ತಿಗೆ ಇಂದಿನ ಧ್ರುವ ನಕ್ಷತ್ರಕ್ಕಿಂತ ಗಾಮಾ ಸೆಫಿಯೇ ಉತ್ತರ ಧ್ರುವಕ್ಕೆ ಹತ್ತಿರವಾಗುತ್ತದೆ.

ಜೊತೆಗಾರ ಕುಬ್ಜ ಮುಖ್ಯ ನಕ್ಷತ್ರಕ್ಕೆ ಅತಿ ಸಮೀಪ ಬಂದದ್ದು 1991ರ ಸುಮಾರಿಗೆ, ಅಂದರೆ ಕೆನಡಾದ ತಂಡ ಅಳತೆ ಮಾಡುತ್ತಿದ್ದ ಕಾಲದಲ್ಲೇ. 2020ರ ದಶಕದಲ್ಲಿ ಅದು ಕಕ್ಷೆಯ ದೂರದ ತುದಿಯಲ್ಲಿದೆ. ಮುಂದಿನ ಸಮೀಪಾಗಮನ 2058ರ ಹೊತ್ತಿಗೆ. ನಿಖರ ವೇಗಮಾಪನ 1981ರಲ್ಲಿ ಮೊದಲಾದದ್ದರಿಂದ, ಜೋಡಿಯ ಒಂದು ಪೂರ್ಣ ಸುತ್ತು ದಾಖಲೆಗೆ ಸೇರುವುದು 2048ರ ಆಸುಪಾಸಿನಲ್ಲಿ.