ಹಳಿಯ ಆಚೆ ಬದಿಯ ಊರು

ದಕ್ಷಿಣ ಆಸ್ಟ್ರೇಲಿಯಾದ ಅಡಿಲೇಡ್ ನಗರದಿಂದ ಉತ್ತರಕ್ಕೆ 600 ಕಿಲೋಮೀಟರಿಗೂ ಹೆಚ್ಚು ದೂರ ಹೋದರೆ ಮರುಭೂಮಿಯ ಅಂಚಿನಲ್ಲಿ ಮರ್ರೀ ಎಂಬ ಪುಟ್ಟ ಊರಿದೆ. ಒಂದು ಹಳೆಯ ಹೋಟೆಲು, ರೈಲು ಬರದ ರೈಲು ನಿಲ್ದಾಣ, ಒಂದಷ್ಟು ಮನೆಗಳು, ಖರ್ಜೂರದ ಮರಗಳು. ಆ ಖರ್ಜೂರ ಅಲ್ಲಿಗೆ ಹೇಗೆ ಬಂತು ಎಂದು ಕೇಳಿದರೆ ಊರಿನ ಚರಿತ್ರೆ ತೆರೆದುಕೊಳ್ಳುತ್ತದೆ.

ಇದು ಮೂಲನಿವಾಸಿ ಅರಬಾನ ಜನರ ನೆಲ. ಇಲ್ಲಿನ ನೀರಿನ ಬುಗ್ಗೆಗಳನ್ನು 1859ರಲ್ಲಿ ಕಂಡ ಡೇವಿಡ್ ಹರ್ಗಾಟ್ ಎಂಬ ಜರ್ಮನ್ ಮೂಲದ ಅನ್ವೇಷಕನ ಹೆಸರನ್ನೇ ಬಿಳಿಯರು ಜಾಗಕ್ಕೂ ಇಟ್ಟರು. ಮೊದಲ ಮಹಾಯುದ್ಧದ ಕಾಲದಲ್ಲಿ ಜರ್ಮನ್ ಹೆಸರುಗಳನ್ನು ಅಳಿಸುವಾಗ ಹರ್ಗಾಟ್ ಹೋಗಿ ಮರ್ರೀ ಉಳಿಯಿತು.

1884ರಲ್ಲಿ ಇಲ್ಲಿಗೆ ರೈಲು ಬಂತು. ಹಳಿ ಮುಗಿದಲ್ಲಿಂದ ಮುಂದಕ್ಕೆ ಸಾಮಾನು ಹೊರುತ್ತಿದ್ದದ್ದು ಒಂಟೆ. ಥಾಮಸ್ ಎಲ್ಡರ್ ಎಂಬ ವ್ಯಾಪಾರಿ 1866ರಲ್ಲೇ ಕರಾಚಿಯಿಂದ ನೂರಕ್ಕೂ ಹೆಚ್ಚು ಒಂಟೆಗಳನ್ನೂ ಅವನ್ನು ನಡೆಸುವ ಆಳುಗಳನ್ನೂ ಹಡಗಿನಲ್ಲಿ ತರಿಸಿದ್ದ. ಬಲೂಚಿಸ್ತಾನ, ಪಂಜಾಬ್, ಸಿಂಧ್, ಅಫ್ಘಾನಿಸ್ತಾನ ಹೀಗೆ ಬೇರೆ ಬೇರೆ ನಾಡಿನ ಈ ಜನರನ್ನೆಲ್ಲ ಒಟ್ಟಾಗಿ ‘ಅಫ್ಘನ್ನರು’ ಎಂದು ಕರೆದರು. ದೂರದ ಕುರಿ ಸಾಕಣೆ ಕೇಂದ್ರಗಳಿಗೆ ಹಿಟ್ಟು, ಸಕ್ಕರೆ, ತಂತಿ ಮುಟ್ಟಿಸಿ ಅಲ್ಲಿಂದ ಉಣ್ಣೆ ತಂದವರು ಇವರು.

ಆದರೆ ಮರ್ರೀಯಲ್ಲಿ ಹಳಿಯೇ ಗಡಿಯಾಯಿತು. ಒಂದು ಬದಿಗೆ ಬಿಳಿಯರ ಹೋಟೆಲು, ಅಂಗಡಿ; ಇನ್ನೊಂದು ಬದಿಗೆ ಒಂಟೆಗಾರರ ತಗಡಿನ ಮನೆಗಳು, ಮಣ್ಣಿನ ಮಸೀದಿ, ಮೂಲನಿವಾಸಿಗಳ ಬಿಡಾರ. ನಮ್ಮ ಊರು-ಕೇರಿಗಳ ಲೆಕ್ಕ ಗೊತ್ತಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1901ರ ವಲಸೆ ಕಾನೂನು ಹೊಸಬರು ಬರುವ ದಾರಿಯನ್ನು ಮುಚ್ಚಿತು. 1903ರ ಕಾನೂನು ಏಷ್ಯಾದವರಿಗೆ ಅಲ್ಲಿನ ಪ್ರಜೆಗಳಾಗುವ ಅವಕಾಶವನ್ನೂ ತೆಗೆಯಿತು. ದುಡಿಮೆ ಬೇಕಿತ್ತು, ದುಡಿಯುವವರು ನೆಲೆಯೂರುವುದು ಬೇಕಿರಲಿಲ್ಲ.

ಆದರೂ ಕೆಲವರು ನೆಲೆಯೂರಿದರು. ಬಲೂಚಿಸ್ತಾನದಲ್ಲಿ ಹುಟ್ಟಿದ ಬೇಜಾ ದರ್ವೇಶ್ 1896ರ ಕಾಲ್ವರ್ಟ್ ಅನ್ವೇಷಣಾ ತಂಡದ ಒಂಟೆಗಳನ್ನು ಪಶ್ಚಿಮದ ಮರುಭೂಮಿ ದಾಟಿಸಿದವರು. ಆ ಪ್ರಯಾಣದಲ್ಲಿ ತಂಡದ ಇಬ್ಬರು ಸತ್ತರು. ಬೇಜಾರ ನಿಷ್ಠೆಗೆ ಮೆಚ್ಚಿ ತಂಡದ ನಾಯಕ ಲಾರೆನ್ಸ್ ವೆಲ್ಸ್ ತನ್ನ ದಿಕ್ಸೂಚಿಯನ್ನೇ ಅವರಿಗೆ ಕೊಟ್ಟ. ಮುಂದೆ ಅವರು ಮರ್ರೀಯಲ್ಲಿ ಖರ್ಜೂರ ಬೆಳೆದರು, 1957ರಲ್ಲಿ ತೀರಿಕೊಂಡರು.

ಅಷ್ಟರಲ್ಲಿ ಒಂಟೆಯ ಕಾಲ ಮುಗಿದಿತ್ತು. ಲಾರಿ ಬಂದವು. 1925ರಲ್ಲಿ ದಕ್ಷಿಣ ಆಸ್ಟ್ರೇಲಿಯಾ ಅಡ್ಡಾಡುವ ಒಂಟೆಗಳನ್ನು ಕೊಲ್ಲಲು ಕಾನೂನು ಮಾಡಿತು. ಸಾಕಿದ ಪ್ರಾಣಿಯನ್ನು ಕೊಲ್ಲಲಾಗದೆ ಎಷ್ಟೋ ಮಂದಿ ಅವನ್ನು ಮರುಭೂಮಿಗೆ ಬಿಟ್ಟರು. ಇಂದು ಆಸ್ಟ್ರೇಲಿಯಾದ ಕಾಡು ಒಂಟೆಗಳು ಅವುಗಳ ಸಂತತಿ. 1980ರಲ್ಲಿ ಮಧ್ಯ ಆಸ್ಟ್ರೇಲಿಯಾದ ರೈಲುದಾರಿಯನ್ನು ಪಶ್ಚಿಮಕ್ಕೆ ಸರಿಸಿದರು. ಮರ್ರೀಯ ಹಳಿಯೂ ಕೆಲವು ವರ್ಷಗಳಲ್ಲಿ ನಿಂತುಹೋಯಿತು.

ಈಗ ಅಡಿಲೇಡ್‌ನಿಂದ ಡಾರ್ವಿನ್‌ಗೆ ಓಡುವ ಐಷಾರಾಮಿ ರೈಲಿನ ಹೆಸರು ‘ಘಾನ್’. ಅದು ‘ಅಫ್ಘನ್’ ಎಂಬುದರ ತುಂಡು ಎನ್ನುತ್ತಾರೆ. ಅದರ ಲಾಂಛನ ಒಂಟೆ ಮತ್ತು ಸವಾರ. ಬಲೂಚಿಯೂ ಸಿಂಧಿಯೂ ಆ ಹೆಸರಿನಲ್ಲಿಲ್ಲ. ಆ ರೈಲು ಮರ್ರೀಗೆ ಬರುವುದೂ ಇಲ್ಲ.