ಗೋರಿಗಳು ಹೇಳುವ ಸ್ನೇಹದ ಕಥೆ

ಬರಹ ಹುಟ್ಟುವ ಮೊದಲಿನ ಮನುಷ್ಯನ ಮನಸ್ಸನ್ನು ತಿಳಿಯಲು ಅವನ ಗೋರಿಗಳು ನಮಗೆ ನೆರವಾಗುತ್ತವೆ. ಸತ್ತವರ ಜೊತೆ ಏನನ್ನಿಟ್ಟರೋ ಅದು ಅವರಿಗೆ ಪ್ರಿಯವಾಗಿತ್ತು ಎಂದು ಊಹಿಸಬಹುದು.

ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಉತ್ಖನನ ನಡೆಸಿದಾಗ ಕಲ್ಲುಚಪ್ಪಡಿಯ ಗೋರಿಗಳಲ್ಲಿ ಮಡಕೆಗಳೂ ಕಬ್ಬಿಣದ ಸಲಕರಣೆಗಳೂ ದೊರೆತವು. ಕಾಶ್ಮೀರದ ಬುರ್ಜಹೋಮ್‌ನ ನವಶಿಲಾಯುಗದ ಜನರಾದರೋ ಮನುಷ್ಯರೊಡನೆ ನಾಯಿಗಳನ್ನೂ ಹೂಳಿದ್ದರು.

ಇದಕ್ಕಿಂತಲೂ ಹಳೆಯದು ಜರ್ಮನಿಯ ಓಬರ್‌ಕಾಸೆಲ್‌ನ ಗೋರಿ. ಸುಮಾರು 14,000 ವರ್ಷಗಳ ಹಿಂದೆ ಒಬ್ಬ ಗಂಡಸು ಮತ್ತು ಒಬ್ಬ ಹೆಂಗಸಿನೊಡನೆ ಅಲ್ಲಿ ಒಂದು ಎಳೆಯ ನಾಯಿಯನ್ನು ಹೂಳಲಾಗಿತ್ತು. ಅದರ ಹಲ್ಲುಗಳನ್ನು ಪರೀಕ್ಷಿಸಿದ ವಿದ್ವಾಂಸರು, ಮರಿಯಾಗಿದ್ದಾಗ ಅದು ಕಠಿಣ ಕಾಯಿಲೆಗೆ ತುತ್ತಾಗಿತ್ತು, ಮನುಷ್ಯರ ಆರೈಕೆಯಿಲ್ಲದೆ ವಾರಗಟ್ಟಲೆ ಬದುಕುತ್ತಿರಲಿಲ್ಲ ಎಂದು 2018ರಲ್ಲಿ ತಿಳಿಸಿದರು. ಯೋಚಿಸಿ, ಕಾಯಿಲೆ ಬಿದ್ದ ಮರಿಯಿಂದ ಬೇಟೆಗಾರನಿಗೆ ಏನು ಲಾಭ? ಆದರೂ ಅವರು ಅದನ್ನು ಕೈಬಿಡಲಿಲ್ಲ.

ನಮ್ಮ ನಾಡೂ ಇಂಥ ಸ್ನೇಹವನ್ನು ಮರೆಯಲಿಲ್ಲ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಕ್ರಿ.ಶ. 949-50ರಲ್ಲಿ, ಹಂದಿಯೊಡನೆ ಹೋರಾಡಿ ಸತ್ತ ‘ಕಾಳಿ’ ಎಂಬ ನಾಯಿಯ ನೆನಪಿಗೆ ಕಲ್ಲು ನೆಟ್ಟರು. ಅದೀಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದ ಆಸ್ತಿ.

ಆದ್ದರಿಂದ ಊರಾಚೆ ಹಳೆಯ ಕಲ್ಲುಗೋರಿ ಕಂಡರೆ ಕಲ್ಲು ಕದಲಿಸಬೇಡಿ, ಕದಲಿಸಲೂ ಬಿಡಬೇಡಿ. ಅಲ್ಲಿ ಮಲಗಿರುವವರಿಗಾಗಿಯೂ ಯಾರೋ ಅತ್ತಿದ್ದರು.