ಪದವಿನ ಕಪ್ಪೆ ಮತ್ತು ‘ಇಲ್ಲ’ ಎಂಬ ದಾಖಲೆ: ಪರಿಸರ ಅಧ್ಯಯನದ ವಿಧಾನಗಳ ಒಂದು ವಿವೇಚನೆ

ಆದಿ ಉಡುಪಿಯಿಂದ ಪೂರ್ವಕ್ಕೆ ಹೊರಟ ದಾರಿ ಇಂದ್ರಾಳಿ ಕಳೆದ ಮೇಲೆ ಏರುತ್ತ ಮಣಿಪಾಲದ ಪದವಿನ ಮೇಲಕ್ಕೆ ಬರುತ್ತದೆ. ಅಡಿಯಲ್ಲೆಲ್ಲ ಮುರಕಲ್ಲು. ಮರಗಳಿಲ್ಲದ ಇಂಥ ನೆಲಕ್ಕೆ ಸರಕಾರಿ ವರ್ಗೀಕರಣದಲ್ಲಿ ಸಿಕ್ಕಿರುವ ಹೆಸರು ‘ಪಾಳುಭೂಮಿ’. ಇದೇ ನೆಲದಿಂದ, ವಿಜ್ಞಾನಕ್ಕೆ ಅದುವರೆಗೆ ತಿಳಿಯದಿದ್ದ ಕಪ್ಪೆಯೊಂದನ್ನು ಕೆ. ಎಸ್. ಶೇಷಾದ್ರಿ, ರಮಿತ್ ಸಿಂಗಲ್, ಕೆ. ವಿ. ಗುರುರಾಜ ಮತ್ತು ಸಹಲೇಖಕರು 2016ರಲ್ಲಿ ‘ಪ್ಲಾಸ್ ಒನ್’ ಪತ್ರಿಕೆಯಲ್ಲಿ ವಿವರಿಸಿದರು. ಸುಮಾರು 1.6 ಸೆಂ.ಮೀ. ಉದ್ದದ ಈ ಜೀವಿಗೆ ಅದು ಬದುಕುವ ಕಲ್ಲಿನ ಹೆಸರನ್ನೇ ಇಟ್ಟರು: ಮೈಕ್ರೊಹೈಲಾ ಲ್ಯಾಟರೈಟ್.

ವಿಶ್ವವಿದ್ಯಾಲಯದ ಊರೊಂದರ ಮಗ್ಗುಲಲ್ಲೇ ಇದ್ದ ಕಪ್ಪೆ ಇಷ್ಟು ಕಾಲ ಲೆಕ್ಕಕ್ಕೆ ಸಿಗಲಿಲ್ಲವೇಕೆ? ಅದರ ಕೂಗು ಜೀರುಂಡೆಯ ದನಿಯನ್ನು ಹೋಲುತ್ತದೆ. ಪಳಗದ ಕಿವಿ ಅದನ್ನು ಕೀಟಗಳ ಪಾಲಿಗೆ ಬಿಟ್ಟುಬಿಡುತ್ತದೆ. ದೇಹದ ಅಳತೆ, ಕೂಗಿನ ಧ್ವನಿ ವಿಶ್ಲೇಷಣೆ, ಡಿಎನ್‌ಎ ಹೋಲಿಕೆ ಈ ಮೂರೂ ಒಂದೇ ಕಡೆ ಬೆರಳು ತೋರಿದಾಗಷ್ಟೇ ಹೊಸ ಪ್ರಭೇದವೆಂಬ ತೀರ್ಮಾನಕ್ಕೆ ಬಲ ಬಂತು. ಆದರೆ ಪ್ರಭೇದವನ್ನು ಗುರುತಿಸುವುದು ಒಂದು ಕೆಲಸ, ಅದು ಎಲ್ಲೆಲ್ಲಿದೆ ಎಂದು ಹೇಳುವುದು ಇನ್ನೊಂದು. ಎರಡನೆಯದಕ್ಕೆ ಸಿದ್ಧಾಂತದ ನೆರವು ಬೇಕೇ ಬೇಕು.

ಲೆಕ್ಕಕ್ಕಾಗಿ ಹೀಗೆ ಊಹಿಸೋಣ. ನೂರು ಹೊಂಡಗಳಲ್ಲಿ 40ರಲ್ಲಿ ಕಪ್ಪೆಯಿದೆ. ಇದ್ದ ಕಡೆ ಒಂದು ಭೇಟಿಯಲ್ಲಿ ಅದರ ಕೂಗು ನಮಗೆ ಕೇಳುವ ಸಂಭವನೀಯತೆ 0.3. ಮೂರು ಭೇಟಿಯಲ್ಲೂ ಕೇಳದೆ ಹೋಗುವ ಸಂಭವ 0.7ರ ಘನ, ಅಂದರೆ 0.34. ಹೀಗಾಗಿ ನಮ್ಮ ಪಟ್ಟಿಯಲ್ಲಿ ಸುಮಾರು 26 ಹೊಂಡಗಳಷ್ಟೇ ಸೇರುತ್ತವೆ, 14 ಹೊಂಡಗಳ ಎದುರು ತಪ್ಪಾಗಿ ‘ಇಲ್ಲ’ ಎಂದು ಬೀಳುತ್ತದೆ. ಈ ತಪ್ಪನ್ನು ಮರುಭೇಟಿಗಳ ದಾಖಲೆಯಿಂದಲೇ ಅಂದಾಜಿಸುವ ಗಣಿತವನ್ನು ಮೆಕೆಂಜಿ ಮತ್ತು ಸಂಗಡಿಗರು 2002ರಲ್ಲಿ ಮಂಡಿಸಿದರು. ಅವರು ಉದಾಹರಣೆಗೆ ಬಳಸಿದ್ದೂ ಕಪ್ಪೆಗಳ ಕೂಗಿನ ದಾಖಲೆಯನ್ನೇ. ಇದೇ ವಿವೇಕ ಕನ್ನಡನಾಡಿನ ಹುಲಿ ಗಣತಿಗೆ ಮೊದಲೇ ಬಂದಿತ್ತು. 1995ರಲ್ಲಿ ಉಲ್ಲಾಸ ಕಾರಂತರು ನಾಗರಹೊಳೆಯ ಕ್ಯಾಮೆರಾ ಚಿತ್ರಗಳಲ್ಲಿ ಪಟ್ಟೆಗಳಿಂದ ಒಂದೊಂದು ಹುಲಿಯನ್ನೂ ಗುರುತಿಸಿ, ಮತ್ತೆ ಮತ್ತೆ ಸಿಕ್ಕವುಗಳ ಲೆಕ್ಕದಿಂದ ಸಿಗದವುಗಳನ್ನು ಅಂದಾಜಿಸಿದರು. ಎಲ್ಲ ಹುಲಿಗಳ ಹೆಜ್ಜೆಯೂ ಕಣ್ಣಿಗೆ ಬಿದ್ದೇ ಬೀಳುತ್ತದೆ ಎಂಬ ಹಳೆಯ ನಂಬಿಕೆಗೆ ಆ ಲೆಕ್ಕದಲ್ಲಿ ಜಾಗವಿರಲಿಲ್ಲ.

ಪದವಿನಲ್ಲಿ ಈ ಗಣಿತವನ್ನು ಇದ್ದಂತೆಯೇ ಅನ್ವಯಿಸಲಾಗದು. ಕೇಳುವ ಸಂಭವ ಇಲ್ಲಿ ರಾತ್ರಿಯಿಂದ ರಾತ್ರಿಗೆ ಬದಲಾಗುತ್ತದೆ: ಮಳೆ ಹಿಡಿದ ರಾತ್ರಿ ಒಂದು, ನಾಲ್ಕು ದಿನದ ಹೊಳವಿನ ಬಳಿಕ ಮತ್ತೊಂದು. ಮಾರ್ಚಿನಲ್ಲಂತೂ ಅದು ಸೊನ್ನೆಗೆ ಹತ್ತಿರ. ನನ್ನ ದೃಷ್ಟಿಯಲ್ಲಿ ‘ಪಾಳುಭೂಮಿ’ ಎಂಬ ಮಾತು ಬೇಸಿಗೆಯ ಒಂದೇ ಭೇಟಿಯಿಂದ ಹುಟ್ಟಬಹುದಾದ ‘ಇಲ್ಲ’. ನೀರು ಜಿನುಗುವ ತಿಂಗಳುಗಳಲ್ಲಿ ಇಂಥ ಕಲ್ಲಿನ ಮೇಲೆ ಕೀಟ ಹಿಡಿದು ತಿನ್ನುವ ಡ್ರೊಸೆರಾ, ಯುಟ್ರಿಕ್ಯುಲೇರಿಯಾ ಅರಳುತ್ತವೆ.

ಎಲ್ಲಿದೆ ಎಂದು ತಿಳಿದ ಮೇಲೂ ಏಕೆ ಎಂಬುದು ಉಳಿಯುತ್ತದೆ. ಕರಾವಳಿಯ ರೈತರು ಬೈಲು, ಮಜಲು, ಬೆಟ್ಟು ಎಂದು ಗದ್ದೆಗಳನ್ನು ವಿಂಗಡಿಸಿದ್ದು ನೀರು ಎಷ್ಟು ಕಾಲ ನಿಲ್ಲುತ್ತದೆ ಎಂಬುದನ್ನು ನೋಡಿಯೇ. ಕಪ್ಪೆಮರಿಗೂ ಅದೇ ಮುಖ್ಯವಿರಬಹುದು. ಬೇಗ ಆರುವ ಹೊಂಡದಲ್ಲಿ ಬೆಳೆಯಲು ಸಮಯವಿಲ್ಲ. ಕಲ್ಲು ತೆಗೆದು ಬಿಟ್ಟ ಕೋರೆಯಲ್ಲಿ ನೀರು ಬಹುಕಾಲ ನಿಲ್ಲುತ್ತದೆ, ಆದರೆ ಕೊಡತಿಕೀಟದ ಮರಿಗಳಂಥ ಬೇಟೆಗಾರ ಜೀವಿಗಳೂ ನೆಲೆಯೂರುತ್ತವೆ. ಬರಿಯ ವೀಕ್ಷಣೆಯಿಂದ ಈ ಎರಡು ಕಾರಣಗಳನ್ನು ಬೇರ್ಪಡಿಸಲಾಗದು, ಏಕೆಂದರೆ ಹೊಂಡದಲ್ಲಿ ಅವು ಒಟ್ಟಿಗೇ ಬರುತ್ತವೆ. ಅಮೆರಿಕದಲ್ಲಿ ಪೀಟರ್ ಮೋರಿನ್ ತೊಟ್ಟಿಗಳಲ್ಲಿ ಬೇಟೆಗಾರ ಜೀವಿಗಳ ಸಂಖ್ಯೆಯನ್ನು ಬದಲಿಸಿ, ಯಾವ ಪ್ರಭೇದದ ಗೊದಮೊಟ್ಟೆ ಮೇಲುಗೈ ಪಡೆಯುತ್ತದೆ ಎಂಬುದೇ ಬದಲಾಗುವುದನ್ನು 1983ರಲ್ಲಿ ತೋರಿಸಿದರು. ಅಂಥ ಪ್ರಯೋಗ ಇಲ್ಲಿ ನಡೆಯಬೇಕು: ಬೇಗ ಆರುವ ಮತ್ತು ಆರದ ತೊಟ್ಟಿಗಳು, ಪ್ರತಿ ಬಗೆಯಲ್ಲೂ ಬೇಟೆಗಾರರಿದ್ದವು ಅರ್ಧ, ಇಲ್ಲದವು ಅರ್ಧ. ತೊಟ್ಟಿಗೆ ಮುರಕಲ್ಲಿನ ಚೂರನ್ನೇ ಹಾಸಬೇಕು. ಬರಿಯ ಪ್ಲಾಸ್ಟಿಕ್ಕಿನ ತಳ ಕಲ್ಲಿನ ಕಾವನ್ನೂ ಸಂದುಗಳನ್ನೂ ಕೊಡದು. ಅಪರೂಪದ ಪ್ರಭೇದದ ಮೊಟ್ಟೆಗಳನ್ನು ಇದಕ್ಕೆ ಬಳಸುವುದು ಸರಿಯಲ್ಲ. ಎಲ್ಲೆಡೆ ಸಿಗುವ ಅದರ ಬಂಧುವಿನಿಂದ ಆರಂಭಿಸಬೇಕು.

ಈ ಪದವುಗಳನ್ನು ಮ್ಯಾಕ್‌ಆರ್ಥರ್ ಮತ್ತು ವಿಲ್ಸನ್ನರ 1967ರ ದ್ವೀಪ ಸಿದ್ಧಾಂತದ ಕಣ್ಣಿನಿಂದ ನೋಡುವ ಆಸೆ ಸಹಜ. ದ್ವೀಪದ ದೂರವನ್ನು ಆ ಸಿದ್ಧಾಂತ ಸ್ಥಿರವೆಂದು ಎಣಿಸುತ್ತದೆ. ಆದರೆ ಮಣಿಪಾಲದ ಹೊಂಡಗಳ ನಡುವಿನ ಅಂತರ ಸ್ಥಿರವಲ್ಲ. ಜಡಿಮಳೆಯ ರಾತ್ರಿ ಕಲ್ಲಿನ ಮೇಲೆ ತೆಳ್ಳಗೆ ನೀರು ಹರಿದಾಗ ಎರಡು ಹೊಂಡ ಒಂದಾಗುತ್ತವೆ. ಮರುದಿನ ಬಿಸಿಲಿಗೆ ಮತ್ತೆ ಬೇರೆಯಾಗುತ್ತವೆ. ಹಾಗಾಗಿ ಹೊಂಡಗಳ ನಕ್ಷೆ ಬರೆಯುವವರು ಮೀಟರುಗಳ ಜೊತೆಗೆ ಆ ದಿನದ ಮಳೆ, ನೀರಿನ ಆಳ, ಭೇಟಿಯ ಗಂಟೆ ಇವನ್ನೂ ಬರೆಯಬೇಕು, ವಿಶೇಷವಾಗಿ ‘ಇಲ್ಲ’ ಎಂದು ಗುರುತಿಸಿದ ಸಾಲುಗಳಲ್ಲಿ.